ಚಾಂಪಿಯನ್ ಜೊತೆ ಒಂದು ಸುತ್ತು

ಗಲ್ ಗಲ್ ಗಲ್ — ಕೀ ಗೊಂಚಲು, ನನ್ನ ಎಡಕ್ಕೆ, ಸ್ವಲ್ಪ ಹಿಂದೆ, ಟ್ರ್ಯಾಕ್ ಪ್ಯಾಂಟಿನ ಜೇಬಿನಲ್ಲಿ ಇಷ್ಟು ದಪ್ಪ ಗೊಂಚಲು ಇಟ್ಟುಕೊಂಡು ಯಾರಾದರೂ ಓಡುತ್ತಾರೆಯೇ, ಹೊರಡುವ ಮುಂಚೆಯೇ ಹೇಳಿದೆ, ಅದನ್ನ ಸೈಕಲ್ಲಲ್ಲಿ ಇಡಿ ಅಂತ, ಅಯ್ಯೋ ಬೇಡಕ್ಕ, ಕೀ ಜೇಬಲ್ಲಿಲ್ಲ ಅಂದ್ರೆ ಏನೋ ಮರೆತು ಬಂದ ಹಾಗೆ ಆಗುತ್ತೆ ನಂಗೆ, ಎಂದು ನಕ್ಕಳು ಈಕೆ, ಡ್ರೈವಿಂಗ್ ಸ್ಕೂಲಿನ ಮೇಡಂ, ಅಗಲ ಹೆಗಲಿನ ಹೆಂಗಸು, ಓಟ ಎನ್ನುವುದಕ್ಕಿಂತ ಬಿರುಸಾದ ನಡಿಗೆ ಎನ್ನಬಹುದು, ಬಾಯಿ ಮಾತ್ರ ನನ್ನ ಕಾಲಿಗಿಂತ ವೇಗ — ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಆ ಕೀ, ಈಕೆ ಎಲ್ಲಿದ್ದಾಳೆಂದು ತಿಳಿಯಲು ನಾನು ತಿರುಗಿ ನೋಡಬೇಕಾಗಿಲ್ಲ, ತಿರುಗುವ ಅಭ್ಯಾಸವೇ ನನ್ನ ಕುತ್ತಿಗೆಗಿಲ್ಲ, ಕೋಚ್ ಅದನ್ನು ಬಿಡಿಸಿಬಿಟ್ಟಿದ್ದರು, ಹಿಂದೆ ಏನಮ್ಮಾ ಇದೆ, ದುಡ್ಡು ಬೀಳಿಸಿ ಬಂದಿದ್ದೀಯಾ, ಬೂಟಿನ ಮೂತಿ ಯಾವಾಗಲೂ ಗೆರೆ ಕಡೆ ಇರಲಿ, ಕೊನೇ ಹೊತ್ತಲ್ಲಿ ನಿನ್ನ ಮುಂದೆ ಯಾರ ಬೆನ್ನೂ ಕಾಣಬಾರದು. ಮುಂದೆ ಈಗ ಕಾಣುತ್ತಿರುವುದು ನೀರಿನ ಕ್ಯಾನ್ ಸಾಗಿಸುವ ಮೂರು ಚಕ್ರದ ಸೈಕಲ್ಲು, ಕ್ಯಾನುಗಳ ಜಾಗದಲ್ಲಿ ಮಗಳು, ಮುಖ ನನ್ನ ಕಡೆ, ಕಣ್ಣಿದ್ದಲ್ಲಿ ಕ್ಯಾಮೆರಾ, ತುಳಿಯುತ್ತಿರುವವರು ಇವರು, ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತೇ ಮುದುಕರಾದ ನನ್ನ ಯಜಮಾನರು, ಉಸ್ ಉಸ್ ಎನ್ನುತ್ತಾ, ಮದುವೆಯಾದಾಗಿನಿಂದ ನಿನ್ನ ಹಿಂದೇನೇ ಓಡಾಡಿದ್ದೀನಿ ಮಾರಾಯ್ತಿ, ಇವತ್ತೊಂದು ದಿನ ನಾನು ಮುಂದೆ, ಎಂದು ಹೊರಡುವಾಗ ಎಲ್ಲರನ್ನೂ ನಗಿಸಿದ್ದರು, ಗೆರೆ ಎಳೆದವರೂ ಅವರೇ, ಸುಣ್ಣದ ಪುಡಿಯಲ್ಲಿ, ದಾರಿಗೆ ಅಡ್ಡಲಾಗಿ, ಸೊಟ್ಟಗೆ, ಇದೇನ್ರೀ ಇದು ಎಂದರೆ ದಾರೀನೇ ಸೊಟ್ಟ ಇದೆ ಕಣೇ, ಗೆರೆ ನೆಟ್ಟಗಿದೆ, ಎಂದರು.

ನನ್ನ ಬಗ್ಗೆ ಸಿನಿಮಾ ಎಂದಾಗ ನಾನೂ ನಕ್ಕಿದ್ದೆ. ಸಿನಿಮಾ ಅಲ್ಲಮ್ಮ, ಸಾಕ್ಷ್ಯಚಿತ್ರ, ಎಂದಳು ಮಗಳು ಅಡುಗೆಮನೆ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಾ, ಇಷ್ಟು ದೊಡ್ಡವಳಾದರೂ ಕಟ್ಟೆ ಬಿಡಲಿಲ್ಲ — ಅದಕ್ಕೂ ಮೊದಲು ಇಬ್ಬರು ನಿರ್ಮಾಪಕರು ಬಂದು ಹೋಗಿದ್ದರು, ಒಬ್ಬನಿಗೆ ನಾನು ಚಿಕ್ಕವಳಿದ್ದಾಗ ಕಾಲಿಗೆ ಶೂ ಇರಲಿಲ್ಲ ಎಂದು ತೋರಿಸಬೇಕಿತ್ತು, ಇತ್ತಲ್ಲಪ್ಪಾ, ನಮ್ಮಪ್ಪ ಕೆಲಸಕ್ಕಿದ್ದದ್ದೇ ಶೂ ಅಂಗಡಿಯಲ್ಲಿ ಎಂದರೆ ಮುಖ ಹುಳ್ಳಗೆ ಮಾಡಿಕೊಂಡ, ಇನ್ನೊಬ್ಬ ಕಥೆಯಲ್ಲಿ ಕುಡುಕ ಗಂಡ ಬೇಕೆಂದ, ಇವರು ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದರು ಪಾಪ, ನಾನು ಕುಡಿಯೋದು ಇದೊಂದೇ ಸಾರ್, ಇದನ್ನೇ ಹಾಕಿಕೊಳ್ಳಿ, ಎಂದರು. ಯಾರ ಹಂಗೂ ಬೇಡ, ಜನರನ್ನೇ ಕೇಳೋಣ, ಎಂದಳು ಮಗಳು, ಚಂದಾ ಎತ್ತೋದಾ ಎಂದೆ, ಚಂದಾ ಅಲ್ಲಮ್ಮ, ಕ್ರೌಡ್‌ಫಂಡಿಂಗ್, ಹೆಸರು ಏನಾದರೇನು, ಕೈ ಚಾಚೋದು ಚಾಚೋದೇ, ಎಂದು ಅವತ್ತೆಲ್ಲ ಅವಳ ಜೊತೆ ಮಾತಾಡಲಿಲ್ಲ, ನನಗೆ ನಿಜಕ್ಕೂ ನಾಚಿಕೆಯಾಗಿತ್ತು, ಮ್ಯಾರಥಾನ್ ಗೆದ್ದಾಗ ಊರೇ ಬಂದು ಹಾರ ಹಾಕಿತ್ತು, ಈಗ ಅದೇ ಊರಿನ ಮುಂದೆ ನನ್ನ ನೆನಪಿದೆಯಾ, ಇದ್ದರೆ ಸ್ವಲ್ಪ ಕೊಡಿ ಎನ್ನುವುದು, ಇಲ್ಲ ಎಂದುಬಿಟ್ಟರೆ ಮುಖ ಎಲ್ಲಿಟ್ಟುಕೊಳ್ಳಲಿ. ಗುರಿ ಮುಟ್ಟದಿದ್ದರೆ ಬಂದದ್ದೆಲ್ಲ ಕೊಟ್ಟವರಿಗೆ ವಾಪಸ್ ಹೋಗುತ್ತದಂತೆ, ಮೊದಮೊದಲು ನಾದಿನಿ, ಅಂಗಡಿಯ ಹಳೇ ಗಿರಾಕಿಗಳು, ಆಮೇಲೆ ಎಲ್ಲೆಲ್ಲಿಯವರೋ, ಗುರುತು ಪರಿಚಯ ಇಲ್ಲದವರು, ಕೊಟ್ಟು ಕೆಳಗೊಂದು ಸಾಲು ಬರೆದಿರುತ್ತಿದ್ದರು, ನೀವು ಗೆದ್ದ ದಿನ ನಾನು ಆಸ್ಪತ್ರೆಯಲ್ಲಿದ್ದೆ, ಟಿವಿಯಲ್ಲಿ ನೋಡಿ ಎದ್ದು ಕೂತೆ — ಇನ್ನೊಬ್ಬರು, ನಮ್ಮಮ್ಮ ನಿಮ್ಮ ಹೆಸರು ಹೇಳಿ ನನ್ನನ್ನು ಬೆಳಗ್ಗೆ ಎಬ್ಬಿಸುತ್ತಿದ್ದಳು, ಆಗ ನಿಮ್ಮ ಮೇಲೆ ತುಂಬ ಸಿಟ್ಟಿತ್ತು, ಎಂದು — ಅದನ್ನೋದಿ ನಾನು ನಲ್ಲಿ ಜೋರಾಗಿ ಬಿಟ್ಟುಕೊಂಡು ಬಚ್ಚಲಲ್ಲಿ ಅತ್ತೆ. ಕೊಟ್ಟವರಿಗೆ ನಾವೂ ಏನಾದರೂ ಕೊಡಬೇಕಂತೆ, ಕೆಲವರಿಗೆ ಚಿತ್ರದ ಕೊನೆಯಲ್ಲಿ ಹೆಸರು, ಕೆಲವರಿಗೆ ಟಿ-ಶರ್ಟು, ಎಲ್ಲರಿಗಿಂತ ಜಾಸ್ತಿ ಕೊಟ್ಟವರಿಗೆ ಚಾಂಪಿಯನ್ ಜೊತೆ ಒಂದು ಸುತ್ತು, ಈ ಕೆರೆಯ ಸುತ್ತ, ಅಂದರೆ ಬಹುಮಾನ ನಾನೇ, ಜೀವನವಿಡೀ ಬಹುಮಾನ ಮನೆಗೆ ತಂದವಳು ಈಗ ನಾನೇ ಬಹುಮಾನವಾಗಿ ಹೊರಟಿದ್ದೇನೆ.

ಗುರಿ ಮುಟ್ಟಿತು, ಸುತ್ತುಗಳೂ ಮುಗಿಯುತ್ತಾ ಬಂದವು, ಹಲ್ಲಿನ ಡಾಕ್ಟರೊಬ್ಬ ದಾರಿಯುದ್ದಕ್ಕೂ ನನ್ನ ಹಲ್ಲನ್ನೇ ನೋಡಿದ, ಹೊಸದಾಗಿ ಮದುವೆಯಾದ ಜೋಡಿಯೊಂದು ಅರ್ಧದಲ್ಲೇ ಜಗಳವಾಡಿ ಬೇರೆ ಬೇರೆ ಬೆಂಚಿನಲ್ಲಿ ಕೂತಿತು, ಅವರೆಲ್ಲರಿಗಿಂತ ಮೊದಲು ನಾನೇ ಗೆರೆ ದಾಟಿದೆ, ಅಮ್ಮಾ, ಜೊತೆಗೆ ಓಡಬೇಕು, ಅವರನ್ನ ಸೋಲಿಸೋದಲ್ಲ, ದುಡ್ಡು ಕೊಟ್ಟವರು ಕಣಮ್ಮಾ, ಎಂದು ಮಗಳು ತಲೆ ಚಚ್ಚಿಕೊಂಡಳು, ನಾನೇನು ಮಾಡಲಿ, ಗೆರೆ ಕಂಡರೆ ಕಾಲು ನನ್ನ ಮಾತು ಕೇಳುವುದಿಲ್ಲ. ಇವತ್ತು ಈಕೆಯ ಜೊತೆಗಿನದು ಕೊನೆಯ ಸುತ್ತು, ಚಿತ್ರದ ಕೊನೆಯ ಶಾಟೂ ಇದೇ, ಕೆರೆ, ಬೆಳಗಿನ ಬಿಸಿಲು, ನಾನು ಓಡಿ ಬಂದು ಗೆರೆ ದಾಟುವುದು, ಮುಗಿಯಿತು — ಮತ್ತು ನನ್ನ ಓಟವೂ ಇಲ್ಲಿಗೇ ಮುಗಿಯಿತು ಎನ್ನುವುದು ಮಗಳಿಗೆ ಗೊತ್ತಿಲ್ಲ, ಗೊತ್ತಿರುವುದು ಮೂಳೆ ಡಾಕ್ಟರಿಗೆ ಮತ್ತು ಇವರಿಗೆ, ಮುಂದಿನ ವಾರ ಬಲಮಂಡಿ ತೆಗೆದು ಬೇರೆ ಹಾಕುತ್ತಾರೆ, ಆಮೇಲೆ ನಡೀಬಹುದು, ಮೆಟ್ಟಿಲು ಹತ್ತಬಹುದು, ಓಟ ಸಾಕು, ಎಂದರು ಡಾಕ್ಟರು, ಬಹಳ ಮೆಲ್ಲಗೆ, ಯಾರೋ ತೀರಿಕೊಂಡ ಸುದ್ದಿ ಹೇಳುವವರ ಹಾಗೆ. ಮಗಳಿಗೆ ಹೇಳಿದ್ದರೆ ಶೂಟಿಂಗ್ ನಿಲ್ಲಿಸುತ್ತಿದ್ದಳು, ಇಲ್ಲವೇ ಅದಕ್ಕಿಂತ ಕೆಟ್ಟದ್ದು, ಅದನ್ನೇ ಚಿತ್ರಕ್ಕೆ ಹಾಕುತ್ತಿದ್ದಳು, ಅಮ್ಮಾ ಇರೋದು ಇದ್ದ ಹಾಗೆ ಇರಲಿ ಅಂತಲೇ ಅಲ್ವಾ ನಾವು ಆ ನಿರ್ಮಾಪಕರ ದುಡ್ಡು ಬೇಡ ಅಂದಿದ್ದು, ಎನ್ನುತ್ತಾಳೆ, ಗೊತ್ತು ನನಗೆ, ಆದರೆ ಅಷ್ಟು ಜನ ಕೊಟ್ಟದ್ದು ಓಡುವವಳನ್ನು ನೋಡಲಿಕ್ಕೆ, ಕುಂಟುವವಳನ್ನಲ್ಲ, ನಾನು ಓಟದಲ್ಲಿ ನಡೆದದ್ದನ್ನು ಯಾವ ಕ್ಯಾಮೆರಾವೂ ಇವತ್ತಿನ ತನಕ ಕಂಡಿಲ್ಲ, ಇವತ್ತೂ ಕಾಣಬಾರದು, ಇದೊಂದು ಸುತ್ತು, ಮಂಡಿಯೇ, ಇದೊಂದು ಸುತ್ತು ಮರ್ಯಾದೆ ಉಳಿಸು ತಾಯಿ. ಬೆಳಗ್ಗೆ ಇವರು ಮಾತ್ರೆ ಕೈಗಿಟ್ಟು ಮುಖ ನೋಡದೆ, ಹೇಳಿಬಿಡೇ ಅವಳಿಗೆ, ಎಂದರು, ನಾನು ನೀರು ಕುಡಿದು ಲೋಟ ಕೊಟ್ಟೆ.

ಗಲ್ ಗಲ್ — ಹತ್ತಿರ ಬಂದಳು, ನಾನು ನಿಧಾನ ಮಾಡಿದ್ದೇನೋ, ಬೇಕೆಂದೇ, ಅಲ್ಲ, ಬೇಕೆಂದಲ್ಲ. ಅಕ್ಕ, ನಿಮ್ಮದು ಗೇರ್ ಚೇಂಜೇ ಗೊತ್ತಾಗಲ್ಲ, ಎಷ್ಟು ನೈಸ್ ಆಗಿ ಓಡ್ತೀರ, ನನ್ನ ಹತ್ರ ಕಲಿಯೋಕೆ ಬರೋರು ನೋಡಬೇಕು ನೀವು, ಕ್ಲಚ್ ಬಿಟ್ಟರೆ ಕುಪ್ಪಳಿಸಿ ಕುಪ್ಪಳಿಸಿ ನನ್ನ ಸೊಂಟಾನೇ ಹೋಗಿದೆ, ಎಂದು ಏದುಸಿರಿನಲ್ಲೇ, ಉಸಿರು ಬಿಟ್ಟರೂ ಮಾತು ಬಿಡದ ಹೆಂಗಸು, ನೀವು ಒಂದು ಸಲಾನೂ ಹಿಂದೆ ನೋಡಲಿಲ್ಲವಲ್ಲಕ್ಕ, ಹಾಗೆ ಅಭ್ಯಾಸ ಎಂದೆ, ಅಯ್ಯಯ್ಯೋ, ನಾನು ಮೊದಲನೇ ದಿನ ಕಲಿಸೋದೇ ಕನ್ನಡಿ ನೋಡೋದು, ಹಿಂದೆ ಯಾರಿದ್ದಾರೆ ಅಂತ ಗೊತ್ತಿಲ್ಲದೆ ಗಾಡಿ ಹೇಗೆ ಓಡಿಸ್ತೀರ — ನಕ್ಕೆ, ನಕ್ಕರೆ ಮಂಡಿ ಚುಚ್ಚುತ್ತದೆ, ಸಾಕು, ಬಾಯಿ ಮುಚ್ಚಿಕೊಂಡು ಓಡು. ಆಗ ಹೇಳಿದಳು, ಹವಾಮಾನದ ಮಾತಿನ ಹಾಗೆ, ನಾನೂ ಓಡಿದ್ದೆ ಅಕ್ಕ, ನೀವು ಗೆದ್ದಿರಲ್ಲ ಆ ಮ್ಯಾರಥಾನು, ಅದೇ ದಿನ, ಅದೇ ರೋಡು. ಹೌದಾ, ಎಷ್ಟನೆಯವರಾಗಿ ಬಂದ್ರಿ. ಕೊನೆಯವಳು. ಕೊನೆ ಅಂದರೆ ಅಂಥಾ ಇಂಥಾ ಕೊನೆ ಅಲ್ಲಕ್ಕ, ನನ್ನ ಹಿಂದೆ ಬರೀ ಆಂಬುಲೆನ್ಸು, ಅದೂ ಒಂದಷ್ಟು ದೂರ ಬಂದು ಬೇಜಾರಾಗಿ ನನ್ನ ಓವರ್‌ಟೇಕ್ ಮಾಡಿ ಹೋಯ್ತು. ಅಷ್ಟೊತ್ತಿಗೆ ರೋಡಿಗೆ ಬಸ್ಸುಗಳನ್ನ ಬಿಟ್ಟಿದ್ದರು, ನಾನು ಫುಟ್‌ಪಾತ್ ಹತ್ತಿ ಓಡಿದೆ, ಸಿಗ್ನಲ್ ಬಿದ್ದರೆ ನಿಂತೆ, ನಿಂತು ಮತ್ತೆ ಓಡಿದೆ, ಸಿಗ್ನಲ್ ಜಂಪ್ ಮಾಡೋ ಅಭ್ಯಾಸ ನಂಗಿಲ್ಲ. ಹೋಗಿ ನೋಡಿದರೆ ಗೆರೆನೇ ಇಲ್ಲ ಅಕ್ಕ, ಗಾಡಿಗಳೆಲ್ಲ ಮೇಲೆ ಹೋಗಿ ಅಳಿಸಿಬಿಟ್ಟಿದ್ವು, ಒಬ್ಬ ಕುರ್ಚಿ ಎತ್ತಿ ಲಾರಿಗೆ ಹಾಕ್ತಿದ್ದ, ಅವನನ್ನ ಕೇಳಿದೆ, ಅಣ್ಣ, ಗೆರೆ ಇಲ್ಲೇ ಅಲ್ವಾ ಇದ್ದಿದ್ದು, ಅವನು ಸುಮ್ಮನೆ ಒಂದು ಕಡೆ ಕೈ ತೋರಿಸಿದ, ಇಲ್ಲೆಲ್ಲೋ, ಅಂದ, ನಾನು ಅಲ್ಲೂ ಒಂದು ಸಲ ದಾಟಿದೆ, ಸ್ವಲ್ಪ ಮುಂದೆ ಹೋಗಿ ಇನ್ನೊಂದು ಸಲ ದಾಟಿದೆ, ಯಾವುದಕ್ಕೂ ಇರಲಿ ಅಂತ. ಅದಕ್ಕೇ ನಿಮ್ಮ ಮಗಳು ವಿಡಿಯೊ ಹಾಕಿದಾಗ, ಆಯ್ತು, ಯಾರಾದರೂ ಇರೋವಾಗ ಗೆರೆ ದಾಟಿದರೆ ಹೇಗಿರುತ್ತೆ ನೋಡೇಬಿಡೋಣ ಅಂತ, ಗಾಡಿಗೆ ಹೊಸ ಸೀಟು ಹಾಕಿಸಬೇಕಿತ್ತು, ಹಾಕಿಸಲಿಲ್ಲ, ಆ ದುಡ್ಡು ಇದಕ್ಕೆ ಹಾಕಿದೆ, ಕೂರೋರು ಹೇಗೋ ಕೂರ್ತಾರೆ.

ಕೆರೆಯ ಮೇಲಿನ ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಆ ದಿನವೂ ಬಿಸಿಲಿತ್ತು, ಎದೆಗೆ ರಿಬ್ಬನ್ ತಗುಲಿದ್ದು ನೆನಪಿದೆ, ಮೆತ್ತಗೆ, ಏನೂ ಭಾರವಿಲ್ಲದೆ, ಗೆರೆ ಮಾತ್ರ ನೆನಪಿಲ್ಲ, ಕಣ್ಣು ಮೇಲಿತ್ತು, ಯಾವ ಓಟದ ಗೆರೆಯನ್ನೂ ನಾನು ನೆಟ್ಟಗೆ ನೋಡಿಲ್ಲ, ದಾಟಿದ್ದೇನೆ ಅಷ್ಟೇ, ಆಮೇಲೆ ಕೋಚ್ ಅತ್ತರು, ಹಾರ, ಫೋಟೊ, ಮೈಕು, ಓಟ ಮುಗೀತಲ್ಲ, ಈಗ ಏನನ್ನಿಸ್ತಿದೆ ಎಂದು ಕೇಳಿದರು, ಮುಗೀತು, ಸಂತೋಷ ಆಗ್ತಿದೆ, ಎಂದೆ, ರೂಮಿಗೆ ಹೋಗಿ ಸ್ನಾನ ಮಾಡಿದೆ, ಊಟ ಮಾಡಿದೆ, ಕಾಲು ಗೋಡೆಗೆ ಎತ್ತಿಟ್ಟು ಮಲಗಿದೆ, ಕಿಟಕಿಯಿಂದ ಬಸ್ಸುಗಳ ಸದ್ದು, ಎದ್ದು ಕಿಟಕಿಯಲ್ಲಿ ನಿಂತಿದ್ದರೆ ಕಾಣುತ್ತಿತ್ತೇನೋ, ಸಿಗ್ನಲ್ಲಿನಲ್ಲಿ ನಿಂತವಳು, ಎದೆಯ ಮೇಲೆ ನಂಬರು, ಹಸಿರು ದೀಪಕ್ಕೆ ಕಾಯುತ್ತಾ. ಅಷ್ಟು ಹೊತ್ತೂ ಓಟ ನಡೆದೇ ಇತ್ತು. ನನಗೆ ಹಾಗಾಗಿದ್ದರೆ ಎಂದು ಯೋಚಿಸಿ ನೋಡುತ್ತೇನೆ, ಗೆರೆ ಹುಡುಕುವ ಗತಿ ಬಂದಿದ್ದರೆ ನಾನು ಮಾರನೆಯ ದಿನ ಶೂ ಮುಟ್ಟುತ್ತಿರಲಿಲ್ಲ, ಈಕೆ ಮಾತ್ರ ಆಮೇಲೂ ಓಡುತ್ತಲೇ ಇದ್ದಾಳಂತೆ, ವಾರಕ್ಕೆರಡು ದಿನ, ಕ್ಲಾಸಿಲ್ಲದಿದ್ದರೆ ಮೂರು, ಹೊಟ್ಟೆಕಿಚ್ಚಾಗುತ್ತಿದೆ ನನಗೆ, ಸುಳ್ಳು ಯಾಕೆ ಹೇಳಲಿ, ಮುಂದಿನ ವಾರವೂ ಓಡುತ್ತಾಳೆ ಈಕೆ.

ತಿರುವು, ಬೇವಿನ ಮರ, ಅದರಾಚೆ ನೇರ ದಾರಿ, ಕೊನೆಯಲ್ಲಿ ಬಿಳಿಯದೊಂದು, ಇವರ ಸೊಟ್ಟ ಗೆರೆ, ಗೆರೆ ಕಂಡಿತಲ್ಲ, ಕಾಲೇ, ಹೊರಡು — ಹೊರಟಿತು, ಎಡಗಾಲು ಹೊರಟಿತು, ಬಲಗಾಲು ನೆಲಕ್ಕೆ ತಗುಲಿದ್ದೇ ತಡ ಮಂಡಿಯೊಳಗೆ ಏನೋ ಕಟ್ ಎಂದಿತು, ನೋವಲ್ಲ, ನೋವಿಗಿಂತ ಮುಂಚಿನದು, ಬೀಳಲಿಲ್ಲ, ಬೆಂಚು ಸಿಕ್ಕಿತು, ಹಿಡಿದೆ, ಬಿಟ್ಟೆ, ಒಂದು ಹೆಜ್ಜೆ, ಓಟವಲ್ಲ ಇದು, ಇನ್ನೊಂದು, ನಡೆಯುತ್ತಿದ್ದೇನೆ, ಕುಂಟುತ್ತಿದ್ದೇನೆ, ಗಲ್ ಗಲ್ ಗಲ್ ಪಕ್ಕಕ್ಕೆ ಬಂತು, ಅಕ್ಕ ಏನಾಯ್ತು, ಏನಿಲ್ಲ, ನೀವು ಹೋಗಿ, ನಿಲ್ಲಬೇಡಿ, ಓಡಿ, ಎಂದು ಗದರಿದೆ, ಕೋಚ್ ಗದರುತ್ತಿದ್ದ ಹಾಗೆ, ಗದರಿಕೆಗೆ ಹೆದರಿ ಹೋದಳು, ಕೀ ಸದ್ದು ಈಗ ಮುಂದೆ, ಈಕೆಯ ಬೆನ್ನು ಕಾಣುತ್ತಿದೆ, ಬೆವರಿಗೆ ಅಂಟಿದ ನೀಲಿ ಅಂಗಿ, ಕೊನೆಯಲ್ಲಿ ನನ್ನ ಮುಂದೆ ಒಂದು ಬೆನ್ನು, ಕೋಚ್, ನೋಡಿ. ಸೈಕಲ್ಲು ನಿಂತಿದೆ, ಮಗಳು ಕ್ಯಾಮೆರಾ ಕೆಳಗಿಳಿಸಿದ್ದಾಳೆ, ಬರೀ ಕಣ್ಣು, ಅಮ್ಮಾ, ಎಂದಳು, ಇವರು ಸೀಟಿನಿಂದ ಇಳಿದು ಅವಳ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ, ಹೇಳಲಿ, ಹೇಳಿಯಾಯಿತು, ಅವಳ ಮುಖ ಚಿಕ್ಕ ಹುಡುಗಿಯದಾಯಿತು, ಅಮ್ಮಾ ಸಾಕು, ಕಟ್ ಮಾಡ್ತೀನಿ, ಕೂತ್ಕೋ — ಬೇಡ, ಎಂದೆ, ನನಗೇ ಆಶ್ಚರ್ಯವಾಗುವಷ್ಟು ಮೆಲ್ಲಗೆ, ನಿಲ್ಲಿಸಬೇಡ ಪುಟ್ಟಾ, ತೆಗಿ, ಇದನ್ನೂ ತೆಗಿ, ಓಟ ಇನ್ನೂ ಮುಗಿದಿಲ್ಲ.

ಕ್ಯಾಮೆರಾ ಮತ್ತೆ ಮೇಲೆದ್ದಿತು. ನಡೆಯುತ್ತಿದ್ದೇನೆ, ದಾರಿ ಇಷ್ಟು ಉದ್ದ ಇದೆಯೆಂದು ಗೊತ್ತೇ ಇರಲಿಲ್ಲ, ದಾರಿಯ ಮೇಲೆ ಇರುವೆ ಸಾಲಿದೆ, ಒಣಗಿದ ಬೇವಿನೆಲೆಗಳಿವೆ, ಓಡುವಾಗ ಯಾವುದು ಕಂಡಿತ್ತು, ನಾಚಿಕೆಯಾಗುತ್ತಿದೆಯೇ ಎಂದು ಹುಡುಕಿದರೆ ಇದೆ, ಸ್ವಲ್ಪ ಇದೆ, ಇರಲಿ, ಈಕೆ ಈಗಾಗಲೇ ಗೆರೆ ದಾಟಿರಬೇಕು, ದಾಟಲಿ, ನಾವೆಲ್ಲ ಇದ್ದೇವೆ, ನೋಡುತ್ತಿದ್ದೇವೆ, ಈ ಸಲ ಒಂದೇ ಸಲ ದಾಟಿದರೆ ಸಾಕು, ಚಪ್ಪಾಳೆ ತಟ್ಟಬೇಕು, ಕೈ ಎತ್ತಿದೆ — ಕೀ ಸದ್ದಿಲ್ಲ. ಯಾವಾಗ ನಿಂತಿತು. ತಲೆ ಎತ್ತಿದರೆ ಈಕೆ ಅಲ್ಲೇ ನಿಂತಿದ್ದಾಳೆ, ಸೊಂಟಕ್ಕೆ ಕೈ ಕೊಟ್ಟು, ಉಸಿರೆಳೆಯುತ್ತಾ, ಮಾತಿಲ್ಲದೆ, ಬೆನ್ನಲ್ಲ, ಮುಖ, ಪೂರ್ತಿ ಹಿಂದಕ್ಕೆ ತಿರುಗಿ, ಕಾಯುತ್ತಾ, ಈಕೆಯ ಹಿಂದೆ ಇವರ ಸೊಟ್ಟ ಗೆರೆ, ಯಾರೂ ತುಳಿದಿಲ್ಲ, ಬೆಳ್ಳಗೆ, ಹಾಗೇ, ಅದಕ್ಕೆ ಒಂದು ಹೆಜ್ಜೆ ಈಚೆ ಎರಡು ಬೂಟು, ಎರಡರ ಮೂತಿಯೂ ನನ್ನ ಕಡೆಗೆ.