ಹಸಿರನ್ನು ನಂಬದ ಗನಿಸಾಬರು

ಕೆಲಸಕ್ಕೆ ಸೇರಿದ ಮೂರನೆಯ ವಾರ ನಾನು ಇಡೀ ಆಫೀಸಿಗೆ ಧಾರವಾಡ ಪೇಢೆ ಹಂಚಿದ್ದೆ. ಬರೆದ ಪ್ರೋಗ್ರಾಮಿನ ಒಂದೊಂದು ತುಣುಕನ್ನೂ ಬಿಡಿಬಿಡಿಯಾಗಿ ಪರೀಕ್ಷಿಸುವ ಪುಟ್ಟ ಪ್ರೋಗ್ರಾಮುಗಳನ್ನು, ಅಂದರೆ ನಮ್ಮ ಕಸುಬಿನವರು ಟೆಸ್ಟ್ ಎನ್ನುವುದನ್ನು, ಹಗಲೆಲ್ಲ ಕೂತು ಬರೆದಿದ್ದೆ. ಪೈಥಾನ್ ಭಾಷೆಯ ಜೊತೆಗೇ ಬರುವ ಪರೀಕ್ಷಾ ಚೌಕಟ್ಟಿಗೆ ಅವನ್ನು ಒಪ್ಪಿಸಿದ್ದೇ ತಡ, ಪರದೆಯ ಮೇಲೆ 'ಓಕೆ' ಎಂದು ಬಂತು. ಒಂದೂ ತಪ್ಪಿಲ್ಲ! ನಮ್ಮೂರು ಮಳಗಿಗೆ ಫೋನು ಮಾಡಿ ಅವ್ವನಿಗೂ ಹೇಳಿ ಮುಗಿಸಿದೆ. ಮೂಲೆಯ ಮೇಜಿನ ಗನಿಸಾಬರು ಪೇಢೆಯನ್ನು ಪೂರ್ತಿ ತಿಂದು, ಬೆರಳನ್ನು ಖಾಕಿ ಕೋಟಿಗೆ ಒರೆಸಿಕೊಂಡು ಕೇಳಿದರು:

"ಎಷ್ಟು ಓಡ್ಯಾವೋ ಸಾಗರ?"

"ಎಲ್ಲಾ ಪಾಸ್ ಆಗ್ಯಾವ್ರಿ ಕಾಕಾ."

"ಪಾಸ್ ಕೇಳಲಿಲ್ಲ ನಾ. ಓಡಿದ್ದು ಎಷ್ಟು? ಓಕೆದ ಮ್ಯಾಲಿನ ಸಾಲು ಓದು."

ಓದಿದೆ. ನಡೆದ ಪರೀಕ್ಷೆಗಳ ಸಂಖ್ಯೆ: ಸೊನ್ನೆ. 'ಟೆಸ್ಟ್' ಎಂದು ಮೊದಲಾಗುವ ಹೆಸರಿನ ಕಡತಗಳನ್ನಷ್ಟೇ ಆ ಚೌಕಟ್ಟು ಹುಡುಕುತ್ತದೆ. ನಾನೋ ಸ್ವಾಭಿಮಾನದಿಂದ ನನ್ನ ಹೆಸರನ್ನು ಮುಂದಿಟ್ಟು, ಟೆಸ್ಟನ್ನು ಹಿಂದಿಟ್ಟಿದ್ದೆ. ನಮ್ಮ ಆಫೀಸಿನಲ್ಲಿದ್ದ ಹಳೆಯ ಪೈಥಾನ್, ಏನೂ ಸಿಗದಿದ್ದಾಗಲೂ ಓಕೆ ಅನ್ನುವಷ್ಟು ದಾಕ್ಷಿಣ್ಯದ್ದು.

"ಪೇಢಾ ಚಲೋ ಐತಿ," ಎಂದು ಗನಿಸಾಬರು ತಮ್ಮ ಪರದೆಯತ್ತ ತಿರುಗಿದರು.

ಐವತ್ತೈದರ ಈ ಮನುಷ್ಯ ದಾಂಡೇಲಿಯ ನಮ್ಮ ಏಳು ಜನರ ಆಫೀಸಿನ ಏಕಮಾತ್ರ ಟೆಸ್ಟರ್. ಅದಕ್ಕೂ ಮೊದಲು ಹಳಿಯಾಳದ ದಾರಿಯಲ್ಲಿದ್ದ, ಈಗ ಗುರುತೂ ಉಳಿಯದ ಒಂದು ಸಣ್ಣ ರಟ್ಟಿನ ಕಾರ್ಖಾನೆಯಲ್ಲಿ ಬಾಯ್ಲರಿನ ಮೀಟರುಗಳನ್ನು ನೋಡಿಕೊಳ್ಳುತ್ತಿದ್ದರು. ಯಂತ್ರಗಳ ಜೊತೆ ಬಂದ ಕಂಟ್ರೋಲ್ ಪ್ಯಾನೆಲ್ಲುಗಳಿಂದಲೇ ಪ್ರೋಗ್ರಾಮಿಂಗ್ ಕಲಿತವರು. ಖಾಕಿ ಕೋಟು ಆ ಕಾಲದ್ದು. ಆಫೀಸಿನ ಮೆಟ್ಟಿಲನ್ನು ಈಗಲೂ ಕಬ್ಬಿಣದ ಏಣಿಯೆಂಬಂತೆ ಒಂದು ಮಗ್ಗುಲಾಗಿ, ಕಂಬಿ ಹಿಡಿದೇ ಏರುತ್ತಾರೆ. ಪರದೆಯ ಮೇಲಿನ ಯಾವ ಅಂಕಿಯನ್ನೇ ಓದುವ ಮುಂಚೆಯೂ ಉಗುರಿನಿಂದ ಗಾಜಿಗೆ ಎರಡು ಸಲ ತಟ್ಟುತ್ತಾರೆ. ಸಿಕ್ಕಿಕೊಂಡ ಮುಳ್ಳು ಸಡಿಲಾಗಿ ನಿಜವಾದ ಒತ್ತಡ ತೋರಿಸಲೆಂದು ಮೂವತ್ತು ವರ್ಷ ಮೀಟರುಗಳಿಗೆ ತಟ್ಟಿದ ಬೆರಳು ಅದು. ಕಂಪ್ಯೂಟರಿನಲ್ಲಿ ಮುಳ್ಳಿಲ್ಲವೆಂದು ನಾನೊಮ್ಮೆ ಪಾಂಡಿತ್ಯ ತೋರಿಸಿದಾಗ, "ನಿಮ್ಮಂಥಾವ್ರು ಇದ್ದೀರಲ್ಲ, ಸಿಕ್ಕೊಳ್ಳಾಕ," ಅಂದರು.

ನಮ್ಮಲ್ಲಿ ಸರ್ವರ್ ಕಂಪ್ಯೂಟರಿಗೆ ಪೈಥಾನ್, ಫೋನಿನ ಆ್ಯಪಿಗೆ ಜಾವಾ, ವೆಬ್‌ಸೈಟಿಗೆ ಜಾವಾಸ್ಕ್ರಿಪ್ಟ್. ಪ್ರತಿಯೊಂದಕ್ಕೂ ಅದರದೇ ಪರೀಕ್ಷಾ ಚೌಕಟ್ಟು, ಮತ್ತು ಗನಿಸಾಬರ ಬಾಯಲ್ಲಿ ಅದರದೇ ಸ್ವಭಾವ. ಪೈಥಾನಿಗೆ ಆಮೇಲೆ ತಂದ ಪೈಟೆಸ್ಟ್ ಮಿತಭಾಷಿ, ಹೇಳುವುದನ್ನು ಒಂದೇ ಸಾಲಿನಲ್ಲಿ ಹೇಳಿ ಸುಮ್ಮನಾಗುತ್ತದೆ. ಜಾವಾದ ಜೆಯುನಿಟ್ ಬಿಲ್ಲೆಗಳನ್ನು ಹಚ್ಚಿಕೊಂಡು ನಿಂತ ಸಿಪಾಯಿ. ಜಾವಾಸ್ಕ್ರಿಪ್ಟಿನ ಜೆಸ್ಟ್ ಮದುವೆಮನೆಯ ಹಿರಿಯನ ಹಾಗೆ ಪೂರ್ತಿ ವಾಕ್ಯಗಳಲ್ಲೇ ಮಾತಾಡುತ್ತದೆ. ಮೂರಕ್ಕೂ ಅವರದು ಒಂದೇ ವ್ರತ: ಟೆಸ್ಟು ಪಾಸಾಗಿ ಹಸಿರಾದರೆ ನಂಬುವುದಿಲ್ಲ. ಮೂಲ ಕೋಡಿನಲ್ಲಿ ಬೇಕೆಂದೇ ಕೂಡುವುದನ್ನು ಕಳೆಯುವುದಾಗಿಸಿ, ಟೆಸ್ಟು ಸೋತು ಕೆಂಪಾಗಿ ಚೀರಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ಮೊದಲಿನಂತೆ ಮಾಡುತ್ತಾರೆ. ದಿನಕ್ಕೆ ಹತ್ತು ಸಲ ನಮ್ಮ ಬೆನ್ನ ಹಿಂದೆ ಆ ಪ್ರಶ್ನೆ ಬರುತ್ತಿತ್ತು: "ಕೆಂಪು ಕಂಡೀಯೇನು?"

ಮೂರು ಚೌಕಟ್ಟುಗಳೂ ಇನ್ನೊಂದು ವಿಷಯದಲ್ಲಿ ಒಂದೇ ಎಂಬುದನ್ನು ನಾನು ಕಲಿತದ್ದು ಗಣೇಶಗುಡಿಯ ಆ್ಯಪಿನಲ್ಲಿ. ಸೋಲುತ್ತಿರುವ ಟೆಸ್ಟನ್ನು ಓಡಿಸದೆ ಬದಿಗಿಡಲು ಮೂರರಲ್ಲೂ ಒಂದೊಂದು ಪದವಿದೆ. ಬರೆದರೆ ಆ ಟೆಸ್ಟು ಬಾಯಿ ಮುಚ್ಚುತ್ತದೆ, ಉಳಿದದ್ದೆಲ್ಲ ಹಸಿರಾಗಿಯೇ ಕಾಣುತ್ತದೆ.

ಆ್ಯಪು ಆ ಊರಿನ ಹತ್ತಿರ ಕಾಳಿ ನದಿಯಲ್ಲಿ ರಬ್ಬರ್ ದೋಣಿ ಓಡಿಸುವ, ಅಂದರೆ ರ‍್ಯಾಫ್ಟಿಂಗ್ ನಡೆಸುವವರಿಗಾಗಿ ಮಾಡಿದ್ದು. ದಂಡೆಯಲ್ಲಿ ನಾವು ಕೂರಿಸಿದ ಮೀಟರು ನೀರಿನ ಮಟ್ಟ ಕಳಿಸಬೇಕು, ರ‍್ಯಾಫ್ಟ್ ಬಿಡಬಹುದೋ ಬೇಡವೋ ಎಂದು ಫೋನು ಹೇಳಬೇಕು. ಮೀಟರಿನಿಂದ ಅಂಕಿಯೇ ಬಾರದಿದ್ದರೆ? ಗನಿಸಾಬರು ಅದಕ್ಕೊಂದು ಟೆಸ್ಟು ಬರೆದರು, ಕೆಂಪಾಯಿತು. ಖಾಲಿಯನ್ನು ಸೊನ್ನೆಯೆಂದೂ, ಸೊನ್ನೆಯನ್ನು ಕಡಿಮೆ ನೀರೆಂದೂ ತಿಳಿದು 'ಬಿಡಬಹುದು' ಎನ್ನುತ್ತಿತ್ತು ನನ್ನ ಕೋಡು. ಸರಿಪಡಿಸಲು ಮೂರು ದಿನ ಬೇಕಿತ್ತು. ನಮ್ಮ ಆಫೀಸಿನ ಮಾಲೀಕ ಲೋಕೇಶರು ಮರುದಿನವೇ ಅವರಿಗೆ ಆ್ಯಪು ತೋರಿಸಿ, ಶನಿವಾರದಿಂದಲೇ ಬಳಕೆಗೆ ಕೊಡುವುದಾಗಿ ಮಾತು ಕೊಟ್ಟಿದ್ದರು. "ಅದೊಂದನ್ನ ಸದ್ಯಕ್ಕ ಬದಿಗಿಡೋ," ಅಂದರು. ಇಟ್ಟೆ. ಬೇಡವೆನ್ನಲು ಬಾಯಿ ತೆರೆದಿದ್ದೆನೆಂದು ಹೇಳಿಕೊಳ್ಳುವ ಆಸೆಯಿದೆ. ತೆರೆದದ್ದು ಚಹಾ ಕುಡಿಯಲು.

ಶುಕ್ರವಾರ ಬೆಳಿಗ್ಗೆ ಗಾಜಿಗೆ ಎರಡು ಸಲ ತಟ್ಟಿ ಗನಿಸಾಬರು ಓದಿದರು: ನಲವತ್ತೇಳು ಪಾಸು, ಒಂದು ಬದಿಗೆ. ಲೋಕೇಶರ ಕಡೆ ತಿರುಗಿದರು.

"ಇದರ ಬಾಯಿ ಕಟ್ಟಿದ್ದು ಯಾಕ?"

"ಮುಂದಿನ ವಾರ ಸರಿ ಮಾಡೂಣು ಕಾಕಾ," ಲೋಕೇಶರು ಜೀಪಿನ ಕೀಲಿ ತಿರುವುತ್ತ ನಕ್ಕರು. "ಮೀಟರೇನು ದಿನಾ ಕೆಡತೈತೇನ್ರಿ? ಯಾವಾಗ ನೋಡಿದ್ರೂ ಕೆಡೂದ ನೋಡ್ತೀರಿ."

"ನೀ ಪಗಾರ ಕೊಡೂದು ಅದಕ್ಕ."

ಅಷ್ಟೇ. ಕರೆಯದಿದ್ದರೂ ಗನಿಸಾಬರು ನಮ್ಮ ಜೊತೆ ಜೀಪು ಹತ್ತಿದರು.

ಗಣೇಶಗುಡಿಯ ದಂಡೆಯಲ್ಲಿ ರ‍್ಯಾಫ್ಟುಗಳ ಒಡತಿ ಗೋದುಬಾಯಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ತನ್ನ ಹುಡುಗರೊಡನೆ ಕಾದಿದ್ದಳು. ಲೋಕೇಶರು ಫೋನು ತೋರಿಸಿದರು; ಹಸಿರು ಬಣ್ಣದಲ್ಲಿ 'ಬಿಡಬಹುದು'. ಎಲ್ಲರೂ ತಲೆದೂಗುವಷ್ಟರಲ್ಲಿ ಗನಿಸಾಬರು ನೀರಿಗಿಳಿದು, ಮೀಟರನ್ನು ವೈರಿನ ಸಮೇತ ಕಿತ್ತು, ಹಿಡಿದ ಮೀನಿನಂತೆ ಮೇಲೆತ್ತಿದರು.

"ಈಗ ನೋಡ್ರಿ ಬಾಯಿ. ಏನಂತೈತಿ?"

ಗೋದುಬಾಯಿ ಫೋನು ನೋಡಿದಳು, ಮೀಟರು ನೋಡಿದಳು, ಮತ್ತೆ ಫೋನು ನೋಡಿದಳು.

"ಅಗ ಬಾಈ! ಮೀಟರು ನಿಮ್ಮ ಕೈಯಾಗ ಐತಿ. ನೀರು ಎಷ್ಟೈತಿ ಅಂತ ಇದಕ್ಕ ಗೊತ್ತ ಇಲ್ಲ, ಆದ್ರೂ ಬಿಡ್ರಿ ಅಂತೈತಿ? ಬೋಟಿನ ಮುಂದ ನನ್ನ ತಂಗಿ ಮಗ ಕೂಡ್ತಾನ್ರಿ!" ಆಮೇಲೆ ದನಿ ತಗ್ಗಿಸಿ, ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತ, "ಯಾರು ಮಾಡಿದ್ದು ಇದನ್ನ?" ಎಂದಳು.

ನಾನು ಲೋಕೇಶರ ಬೆನ್ನ ಹಿಂದೆ ಸರಿದೆ. ಗನಿಸಾಬರು ನನ್ನತ್ತ ನೋಡಲೂ ಇಲ್ಲ.

"ನಮ್ಮ ಕಂಪನಿ ಮಾಡೇತಿ, ಬಾಯಿ."

ಸರಿಯಾಗುವ ತನಕ ಆ್ಯಪು ಬೇಡವೆಂದಳು ಆಕೆ. ಹಿಂತಿರುಗುವ ದಾರಿಯುದ್ದಕ್ಕೂ ಲೋಕೇಶರು ಕಿರುಚಿದರು. ತೊಯ್ದ ಪ್ಯಾಂಟಿನ ಗನಿಸಾಬರು ಕಾಡನ್ನು ನೋಡುತ್ತ ಕೂತಿದ್ದರು. ಸೋಮವಾರದಿಂದ ಅವರ ಹೆಸರು ಆಫೀಸಿನಲ್ಲಿ 'ಅಪಶಕುನ'. ಬದಿಗಿಟ್ಟವನಾದ ನಾನು ಮಾತ್ರ 'ಸಹಕರಿಸುವ ಹುಡುಗ'ನಾಗಿಯೇ ಉಳಿದೆ.

ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ, ಅರ್ಧ ನನ್ನ ಮೇಲೆಯೇ. ಹಸಿರು ತೋರಿಸುವವನನ್ನು ನಾವು ಸಮರ್ಥನೆನ್ನುತ್ತೇವೆ, ಕೆಂಪು ಹುಡುಕುವವನನ್ನು ಕಿರಿಕಿರಿಯ ಮುದುಕನೆನ್ನುತ್ತೇವೆ. ಇಂಥವರು ಹುಟ್ಟುಸಿಡುಕರೆಂದು ನಂಬುವುದು ನಮಗೆ ಅನುಕೂಲ. ಕಾಣದ ಯಾರದೋ ಪ್ರಾಣವನ್ನು ಎದುರಿಗಿರುವ ಮಾಲೀಕನ ಮುಖಕ್ಕಿಂತ ಹೆಚ್ಚು ಸ್ಪಷ್ಟವಾಗಿ ಕಾಣಬಲ್ಲವರ ಕುಲವೊಂದಿದೆ, ಅವರ ಸಿಟ್ಟು ಆ ದೃಷ್ಟಿಯ ಫಲವೆಂದು ಒಪ್ಪಿದರೆ ನಮ್ಮ ಕುರುಡನ್ನೂ ಒಪ್ಪಬೇಕಾಗುತ್ತದೆ.

ಬುಧವಾರ ಕೋಡು ಸರಿಪಡಿಸಿದೆ. ಬದಿಗಿಟ್ಟ ಟೆಸ್ಟಿನ ಬಾಯಿ ಬಿಚ್ಚಿ, ಮೊದಲು ಕೆಂಪು ನೋಡಿ, ಆಮೇಲೆ ಹಸಿರು ನೋಡಿ, ಗನಿಸಾಬರ ಮೇಜಿನ ಬಳಿ ನಿಂತೆ. ಕೇಳಬಾರದೆಂದುಕೊಂಡದ್ದನ್ನೇ ಕೇಳಿದೆ.

"ಕಾಕಾ, ಅದನ್ನ ಬದಿಗಿಟ್ಟಾಂವ ನಾನ ಅಂತ ನಿಮಗ ಗೊತ್ತಿತ್ತು. ಅಲ್ಲಿ ನನ್ನ ಹೆಸರು ಯಾಕ ಹೇಳಲಿಲ್ಲ?"

ಅವರು ತಲೆ ಎತ್ತಲಿಲ್ಲ.

"ನಿನ್ನ ಉಳಸಾಕ ಅಂತ ತಿಳಕೊಂಡೀಯೇನು? ಹೆಸರು ಹೇಳಿದ್ರ ಲೋಕೇಶ ತಪ್ಪೆಲ್ಲಾ ನಿನ್ನ ಮ್ಯಾಲ ಹಾಕಿ, ಅಲ್ಲೇ ಕೆಲಸದಿಂದ ತಗದು, ಅದ ಆ್ಯಪ್ ಮಾರಿ ಬರತಿದ್ದ."