ಜಂಪರ್ ಬಲಕ್ಕೆ

ಹುಬ್ಬು ಕೀಳುವ ಚಿಮಟದಿಂದ ಹುಯಿಲಾನ್ ಅಕ್ಕಿಕಾಳಿನಷ್ಟಿದ್ದ ಕರಿ ಜಂಪರನ್ನು ಹಿಡಿದೆಳೆದಳು. ಬರಲಿಲ್ಲ. ಅಲುಗಾಡಿಸಿ ಎಳೆದಳು, ಬಂತು. ಕಂಪ್ಯೂಟರಿನೊಳಗಿನ ಬೋರ್ಡಿನ ಮೇಲೆ ಸಾಲಾಗಿ ನಿಂತ ಮೂರು ಪಿನ್ನುಗಳಲ್ಲಿ ಎಡಗಡೆಯ ಎರಡನ್ನು ಜೋಡಿಸಿದ್ದ ಅದನ್ನು ಬಲಗಡೆಯ ಎರಡರ ಮೇಲೆ ಒತ್ತಿದಳು. ಮುಚ್ಚಳ ಹಾಕಿ ಮುಂದಿನದಕ್ಕೆ ಕೈಹಾಕಿದಳು.

ಕೆಳಗೆ ಸೋಯಾ ಹಾಲಿನ ಅಂಗಡಿಯ ಮುದುಕಿ, ತನಿಖೆಗೆ ಬಂದವನನ್ನು ತಡೆಯುತ್ತ, ಮೇಲೆ ಕೇಳಲೆಂದೇ ಗಂಟಲು ಏರಿಸಿದ್ದಳು. "ಮೇಲೆ ಯಾರಿದಾರೋ ಯಾರಿಲ್ವೋ, ನಂಗೇನು ಗೊತ್ತು ಸಾಹೇಬ್ರೇ. ಮೊದ್ಲು ಬಿಸಿ ಹಾಲು ಕುಡೀರಿ."

"ಇನ್ನೆಷ್ಟಿದಾವೆ?" ಎಂದ ಪಿಯಾವ್. ಕಂಪ್ಯೂಟರ್ ಜೋಡಿಸಿ ಮಾರುವ ಈ ಅಂಗಡಿ ಅವನದು. ಬನಿಯನ್ನು ಬೆನ್ನಿಗೆ ಅಂಟಿಕೊಂಡಿತ್ತು.

"ಮಾತಾಡಿಸ್ಬೇಡಿ, ಪಿಯಾವಣ್ಣ."

ಜಂಪರ್ ಎಡಕ್ಕಿದ್ದರೆ, ಅಮೆರಿಕದ ಕಂಪನಿಯೊಂದರಿಂದ ಕದ್ದು ನಕಲು ಮಾಡಿದ ಚಿಪ್ ಎಚ್ಚರಗೊಂಡು ಪರದೆಯ ಮೇಲೆ ಆ ಕಂಪನಿಯ ಹೆಸರನ್ನೇ ತೋರಿಸುತ್ತಿತ್ತು. ಬಲಕ್ಕಿದ್ದರೆ ಹುಯಿಲಾನ್ ಬರೆದ ಪ್ರೋಗ್ರಾಮು ತುಂಬಿದ ಇನ್ನೊಂದು ಚಿಪ್. ಚೀನೀ ಅಕ್ಷರಗಳನ್ನು ಚುಕ್ಕಿ ಚುಕ್ಕಿಯಾಗಿ ಕೂಡಿಸಲು ಅವಳಿಗೆ ಎರಡು ವರ್ಷ ಹಿಡಿದಿತ್ತು. ಸಾನ್‌ಚುಂಗ್ ಪಟ್ಟಣದ ಈ ಓಣಿಯಲ್ಲಿ ಮಾರಾಟವಾಗುತ್ತಿದ್ದದ್ದು ಮಾತ್ರ ಎಡಗಡೆಯದೇ. ಆಟಗಳೆಲ್ಲ ಓಡುತ್ತಿದ್ದದ್ದು ಅದರಲ್ಲಿ. "ನಿಂದು ಮಳೆ ಬಂದಾಗ ಬಿಚ್ಚೋ ಕೊಡೆ ಕಣೆ," ಎನ್ನುತ್ತಿದ್ದ ಪಿಯಾವ್.

ಇವತ್ತು ಮಳೆ ಮೆಟ್ಟಿಲು ಹತ್ತುತ್ತಿತ್ತು. ಕೊಡೆ ಬಿಚ್ಚಿಕೊಳ್ಳದಿದ್ದರೆ ಪಿಯಾವ್ ಜೈಲಿಗೆ, ಅವಳ ಚಿಪ್ಪುಗಳು ಮುಟ್ಟುಗೋಲಿಗೆ. ಅವಳ ಬಳಿ ಆ ಪ್ರೋಗ್ರಾಮಿನ ಬೇರೆ ಪ್ರತಿ ಇರಲಿಲ್ಲ.

ಕೊನೆಯ ಮುಚ್ಚಳ ಹಾಕುವ ಹೊತ್ತಿಗೆ ಬಾಗಿಲಲ್ಲಿ ತನಿಖಾಧಿಕಾರಿ ಫಾಂಗ್ ನಿಂತಿದ್ದ. ಮೀಸೆಯ ಮೇಲೆ ಸೋಯಾ ಹಾಲಿನ ಬಿಳಿ ಗೆರೆ. ಮೇಜಿನ ಮೇಲಿದ್ದ ಕಂಪ್ಯೂಟರುಗಳನ್ನು ಅವನು ನೋಡಲೇ ಇಲ್ಲ. ಕಿಟಕಿಯ ಹತ್ತಿರ ಗಿರಾಕಿಗಳಿಗೆ ತೋರಿಸಲೆಂದು ಇಟ್ಟದ್ದರತ್ತ ಬೆರಳು ಮಾಡಿದ.

"ಅದನ್ನ ಹಚ್ಚಿ."

ಹುಯಿಲಾನಳ ಉಸಿರು ಸಡಿಲಾಯಿತು. ಅದರ ಜಂಪರನ್ನು ಎಲ್ಲಕ್ಕಿಂತ ಮೊದಲೇ ಬದಲಿಸಿದ್ದಳು. ಸ್ವಿಚ್ಚು ಒತ್ತಿದಳು.

ಪರದೆಯ ತುಂಬ ಅರ್ಥವಿಲ್ಲದ ಗುರುತುಗಳು ಚೆಲ್ಲಿಕೊಂಡು ನಿಂತುಬಿಟ್ಟವು.

"ಇದು ಯಾವ ದೇಶದ ಭಾಷೆ?" ಎಂದ ಫಾಂಗ್.

ಎರಡೂ ಚಿಪ್ಪುಗಳು ಒಟ್ಟಿಗೆ ಬಾಯಿ ಬಿಟ್ಟಿವೆ, ಅಂದುಕೊಂಡಳು. ಮೂರೂ ಪಿನ್ನುಗಳು ಎಲ್ಲೋ ಕೂಡಿಕೊಂಡಿವೆ. ತಿರುಗಿ ನೋಡಿದರೆ ಪಿಯಾವ್ ಕಿಟಕಿಯ ಪಕ್ಕದ ದೇವರ ಗೂಡಿನತ್ತ ನೋಡುತ್ತಿದ್ದ. ತುಟಿಗಳು ಅಲುಗುತ್ತಿದ್ದವು.

"ಪಿಯಾವಣ್ಣ, ಇದರೊಳಗೆ ಏನು ತುರುಕಿದ್ರಿ?"

"ಏನಿಲ್ಲ."

"ಪಿಯಾವಣ್ಣ."

"ನೀನು ಆ ಕಡೆ ತಿರುಗಿದ್ದಾಗ... ಹಿಂದಿನ ಸೀಳಲ್ಲಿ. ಭೂಮಿದೇವ್ರ ಹೊನ್ನಕಾಗದ, ಒಂದೇ ಒಂದು. ಕಾಪಾಡ್ಲಿ ಅಂತ ಸುಡೋದು ಅದನ್ನ, ಆದ್ರೆ ಹೊಗೆ ಬರುತ್ತಲ್ಲ, ಅದಕ್ಕೆ ಹಂಗೇ ಇಟ್ಟೆ."

ಫಾಂಗ್ ಇಬ್ಬರನ್ನೂ ನೋಡಿದ. "ಮುಚ್ಚಳ ತೆಗಿ."

ಅವಳು ಸ್ವಿಚ್ಚು ಆರಿಸಿ ಮುಚ್ಚಳ ತೆಗೆದಳು. ಪೂಜೆಯ ಕಾಗದ ನೇರ ಪಿನ್ನುಗಳ ಮೇಲೆ ಮಲಗಿತ್ತು. ಅದಕ್ಕೆ ಅಂಟಿಸಿದ್ದ ತವರದ ಹಾಳೆ ಮೂರನ್ನೂ ಸೇರಿಸಿ ಮುಟ್ಟಿತ್ತು. ಪಕ್ಕದಲ್ಲೇ ಕದ್ದ ಚಿಪ್. ಫಾಂಗ್ ಬಗ್ಗಿದ. ಚಿಮಟದಿಂದ ಕಾಗದ ಎತ್ತಿ ಅವಳು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ಎಸೆಯಲಾರದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗಿ ದೇವರ ಗೂಡಿನಲ್ಲಿಟ್ಟು ಬಂದ. ಅಷ್ಟರಲ್ಲಿ ಮುಚ್ಚಳ ಮುಚ್ಚಿತ್ತು.

ಮತ್ತೆ ಸ್ವಿಚ್ಚು. ಪರದೆ ಕಪ್ಪಾಗೇ ಇತ್ತು. ಇನ್ನೂ ಕಪ್ಪು. ಆಮೇಲೆ ಮೂಲೆಯಲ್ಲೊಂದು ಹಸಿರು ಚೌಕ ಮಿನುಗಿತು.

"ನನ್ನ ಹೆಸ್ರು ಬರಿ. ಫಾಂಗ್."

ಅವಳು ಒತ್ತಿದಳು. ಅವನ ಹೆಸರಿನ ಚೀನೀ ಅಕ್ಷರ ಮೇಲಿನ ಚುಕ್ಕಿಯಿಂದ ನಿಧಾನವಾಗಿ ಕೆಳಗಿಳಿಯಿತು. ಫಾಂಗ್ ಅದನ್ನು ಬಹಳ ಹೊತ್ತು ನೋಡಿದ.

"ಇದು ಆ ಕಂಪನೀದಲ್ಲ."

"ನಂದು," ಎಂದಳು ಹುಯಿಲಾನ್.

ಅವನು ಇಳಿದುಹೋದ. ಕೆಳಗೆ ಮುದುಕಿ ಇನ್ನೊಂದು ಲೋಟ ಹಾಲಿಗೆ ಒತ್ತಾಯ ಮಾಡುವುದು ಕೇಳಿಸಿತು. ಪಿಯಾವ್ ಗೋಡೆಗೊರಗಿ ಕೂತು ನಕ್ಕ, ಕಣ್ಣೊರೆಸಿಕೊಂಡ. ಹುಯಿಲಾನ್ ಪರದೆಯ ಮುಂದಿನಿಂದ ಏಳಲಿಲ್ಲ.

"ಇವತ್ತಿಂದ ಅರ್ಧ ಅಂಗಡಿ ನಿಂದು, ತಂಗಿ. ತಮಾಷೆ ಅಲ್ಲ. ಹೊರಗಿನ ಹಲಗೆ ಮೇಲೆ ನಿನ್ನ ಹೆಸರೂ ಬರೆಸ್ತೀನಿ." ಮೇಜಿನಿಂದ ಚಿಮಟ ಎತ್ತಿ ಅವಳ ಕಡೆ ಚಾಚಿದ. "ಸಂಜೆ ಗಿರಾಕಿ ಬರ್ತಾನೆ. ಬೇಗ ಎಲ್ಲಾನೂ ಎಡಕ್ಕೆ ಹಾಕ್ಬಿಡು."

ಅವಳು ಕೈ ಚಾಚಲಿಲ್ಲ.

"ಹಾಕಲ್ಲ."