ಗುಡ್ಡ ಹತ್ತದ ಕಾರು

ಹಾರ್ಟ್‌ವಿಕ್ ಎಂಬ ಕಂಪನಿ ಒಹಾಯೊದಲ್ಲಿ ಕಾರು ಮಾಡಿದ್ದು ಎರಡೇ ವರ್ಷ, ನೂರು ವರ್ಷಗಳಿಗೂ ಹಿಂದೆ. ಗುಡ್ಡ ಹತ್ತದ ಕಾರು ಎಂದು ಹೆಸರು ಕೆಟ್ಟಿತು, ಬಾಗಿಲು ಮುಚ್ಚಿತು. ಉಳಿದಿರುವುದು ಒಂದೇ ಕಾರು, ಅದೂ ರೆಡ್‌ವುಡ್ ಸಿಟಿಯ ನಮ್ಮ ಗರಾಜಿನಲ್ಲಿ. ನನ್ನ ಒಳ್ಳೆಯ ಕಾರು ಬೀದಿಯಲ್ಲಿ ಒಣಗುತ್ತದೆ.

ಅದನ್ನು ತಂದವಳು ನನ್ನ ಹೆಂಡತಿ ಭುವನೇಶ್ವರಿ. ಆಫೀಸಿನಿಂದ ಬಂದವಳೇ ಕಾರಿನ ಕೆಳಗೆ ನುಸುಳುವಳು. ನಾನು ರೇಗಿ ರೇಗಿ ಸಾಕಾಗಿ, ಕೊನೆಗೆ ನಮ್ಮಲ್ಲಿ ಒಂದು ಮಾತಾಯಿತು. ಆಯುಧಪೂಜೆಯ ದಿನ ಕಾರು ಗುಡ್ಡದ ಮೇಲಿನ ದೇವಸ್ಥಾನಕ್ಕೆ ತಾನೇ ಹತ್ತಿ ಹೋಗಬೇಕು. ಇಲ್ಲದಿದ್ದರೆ ಮ್ಯೂಸಿಯಮ್ಮಿಗೆ. ಅವರು ಪೆಟ್ರೋಲು ಬಸಿದು, ಸುತ್ತ ಹಗ್ಗ ಕಟ್ಟಿ ನಿಲ್ಲಿಸುತ್ತಾರೆ. ಮತ್ತೆ ಓಡುವ ಮಾತಿಲ್ಲ.

ಆ ದಿನ ಅರ್ಧ ಗುಡ್ಡದಲ್ಲಿ ಕಾರು ಕೆಮ್ಮಿ ನಿಂತುಬಿಟ್ಟಿತು. ಗದಗದಿಂದ ಬಂದಿದ್ದ ಅತ್ತೆ ಬಂಗಾರೆವ್ವ, ಹಿಂದಿನ ಸೀಟಿನಲ್ಲಿ ತೆಂಗಿನಕಾಯಿ ಬುಟ್ಟಿ ಅವಚಿಕೊಂಡು "ಶಿವಶಿವಾ" ಅಂದರು. ನಾನು ಟೋ ಟ್ರಕ್ಕಿನವರನ್ನು ಕರೆಯಲು ಫೋನು ತೆಗೆದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಗಿತ್ತು.

"ಫೋನ್ ಒಳಗಿಡ್ರಿ," ಅಂದಳು ಭುವನೇಶ್ವರಿ. "ಟ್ಯಾಂಕು ನಮ್ಮ ಸೀಟಿನ ಕೆಳಗದ. ಮೂತಿ ಮ್ಯಾಲಾದ್ರ ಎಂಜಿನ್ನಿಗೆ ಪೆಟ್ರೋಲ್ ಇಳಿಯಂಗಿಲ್ಲ. ತಿರುಗಿಸಿ, ರಿವರ್ಸ್‌ನ್ಯಾಗ ಹತ್ತಸ್ತೀನಿ."

ಬಂಗಾರೆವ್ವ ಹೌಹಾರಿದರು. "ದೇವರಿಗೆ ಬೆನ್ನ ಮಾಡಿ ಹೋಗೂದೇನ? ಗುಡಿಯಿಂದ ಹೊರಗ ಬರೂ ಮುಂದ ಸುದ್ದಾ ನಾವು ಬೆನ್ನ ತೋರ್ಸಂಗಿಲ್ಲ!"

"ಯವ್ವಾ, ಇದು ಹತ್ತೂದ ಹಿಂಗ. ಬ್ಯಾಡಂದ್ರ ಇಳಿ."

ಅತ್ತೆ ಇಳಿಯಲಿಲ್ಲ. ಕಣ್ಣು ಮುಚ್ಚಿ ಬುಟ್ಟಿಯನ್ನು ಇನ್ನಷ್ಟು ಬಿಗಿಹಿಡಿದರು.

ಭುವನೇಶ್ವರಿ ಕಾರನ್ನು ಕೆಳಕ್ಕೆ ಉರುಳಲು ಬಿಟ್ಟು, ರಸ್ತೆ ಅಗಲವಾದ ಕಡೆ ತಿರುಗಿಸಿ, ಇಳಿದು ಹ್ಯಾಂಡಲ್ ಸುತ್ತಿ ಎಂಜಿನ್ ಎಬ್ಬಿಸಿದಳು. ಆಮೇಲೆ ಕತ್ತು ಹೊರಳಿಸಿ, ಹಲ್ಲು ಕಚ್ಚಿ, ಹಿಮ್ಮುಖವಾಗಿ ಗುಡ್ಡ ಹತ್ತಿಸತೊಡಗಿದಳು. ಬೇರೆ ಕಾರಿನವರು ಹಾರ್ನು ಹೊಡೆದರು. ಅವಳು ಕ್ಯಾರೇ ಅನ್ನಲಿಲ್ಲ. ಕೊನೆಯ ಏರಿನಲ್ಲಿ ಕಾರು ಏದುಸಿರು ಬಿಟ್ಟಾಗ ನನಗೆ ತಡೆಯಲಾಗಲಿಲ್ಲ. "ಬಿಡಬ್ಯಾಡ, ಭುವನಾ! ಹತ್ತಸು!" ಎಂದು ಕೂಗುತ್ತಿದ್ದವನು ನಾನೇ.

ಕಾರು ಹತ್ತಿತು. ಗುಡಿಗೆ ಬೆನ್ನು ಮಾಡಿಕೊಂಡು ಅಂಗಳದಲ್ಲಿ ನಿಂತಿತು.

ಅರ್ಚಕರು ಆರತಿ ತಟ್ಟೆ ಹಿಡಿದು ಬಂದವರು ಮುಂದೆ ಹಿಂದೆ ನೋಡಿ, "ಸ್ವಲ್ಪ ತಿರುಗಿಸಿ, ಮುಖ ಗುಡಿ ಕಡೆ ಮಾಡಿ ನಿಲ್ಲಿಸ್ತೀರಾ?" ಎಂದು ಕೇಳಿದರು.

ಬಂಗಾರೆವ್ವ ಕೆಳಗಿಳಿದರು. ತಟ್ಟೆಗೆ ಕೈ ಹಾಕಿ ಕುಂಕುಮ ತೆಗೆದು ಕಾರಿನ ಹಿಂಬದಿಗೆ ದೊಡ್ಡದಾಗಿ ಬಳಿದರು.

"ಹತ್ತಿ ಬಂದದ್ದು ಈ ಮಾರಿರೀ," ಅಂದರು. "ಆರತಿ ಇಲ್ಲೇ ಬೆಳಗ್ರಿ."